ಲ್ಯಾಬ್ರಡೂಡಲ್: ಅಂಚೆಯಲ್ಲಿ ಹೋದ ಕೂದಲು ಮತ್ತು ಒಂದು ಹೊಸ ಹೆಸರು

(ನಾಯಿ ಸಾಕುವವರ ಬಳಗವೊಂದು ಬೆಂಗಳೂರಿನಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ, ಪಶುವೈದ್ಯನಾಗಿ ನಾನು ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ.)

ಸಭಿಕರೇ,

ಚಿಕಿತ್ಸಾಲಯದಲ್ಲಿ ಕೂತ ನನಗೆ ಈಚೆಗೆ ತಿಂಗಳಿಗೆ ಒಂದೆರಡು ಸಲವಾದರೂ ಎದುರಾಗುವ ಪ್ರಶ್ನೆಯೊಂದಿದೆ. ಕೇಳುವವರು ಬೇರೆ ಬೇರೆಯಾದರೂ ಮಾತು ಮಾತ್ರ ಹೆಚ್ಚುಕಡಿಮೆ ಅದೇ: “ಡಾಕ್ಟ್ರೇ, ಮಗುವಿಗೆ ನಾಯಿ ಅಂದರೆ ಪ್ರಾಣ, ಆದರೆ ಹತ್ತಿರ ಹೋದರೆ ಸೀನು, ಕಣ್ಣು ಕೆಂಪು. ಅಲರ್ಜಿ ಆಗದ ನಾಯಿ ಅಂತ ಒಂದು ಬಂದಿದೆಯಂತಲ್ಲ, ಅದನ್ನು ತರಬಹುದೇ?” ಅವರು ಕೇಳುತ್ತಿರುವುದು ಬಹುಮಟ್ಟಿಗೆ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿ ಹುಟ್ಟಿದ ಲ್ಯಾಬ್ರಡೂಡಲ್ ಎಂಬ ಮಿಶ್ರತಳಿಯ ಬಗ್ಗೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಆದರೆ ಆ ನಾಯಿ ಹುಟ್ಟಿದ ಕಥೆಯನ್ನು ಮೊದಲಿನಿಂದ ಸರಿಯಾಗಿ ಕೇಳಿದರೆ ಉತ್ತರ ಅದರೊಳಗೇ ಇದೆ ಎಂಬುದು ನನ್ನ ಅನುಭವ. ಆದ್ದರಿಂದ ಇಂದು ಆ ಕಥೆಯಿಂದಲೇ ಆರಂಭಿಸುತ್ತೇನೆ.

ಕಥೆ ನಡೆದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, 1980ರ ದಶಕದಲ್ಲಿ. ಅಲ್ಲಿನ ರಾಯಲ್ ಗೈಡ್ ಡಾಗ್ ಸಂಸ್ಥೆ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸಿ, ತರಬೇತಿ ಕೊಟ್ಟು ಒದಗಿಸುತ್ತಿತ್ತು. ಅಲ್ಲಿ ಮರಿಗಳ ಸಾಕಣೆಯ ಹೊಣೆ ಹೊತ್ತಿದ್ದವರು ವಾಲಿ ಕಾನ್ರನ್. ಹೆಸರು ಕೇಳಿ ಕಿಷ್ಕಿಂಧೆಯನ್ನು ನೆನೆಯಬೇಡಿ, ಇವರು ಬೇರೆ. ಒಂದು ದಿನ ಸಂಸ್ಥೆಗೆ ಹವಾಯಿಯಿಂದ ಕೋರಿಕೆಯೊಂದು ಬಂತು. ದೃಷ್ಟಿದೋಷವಿದ್ದ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಆದರೆ ಅವರ ಗಂಡನಿಗೆ ನಾಯಿಯ ಕೂದಲೆಂದರೆ ಆಗಿಬರುತ್ತಿರಲಿಲ್ಲ. ಇಬ್ಬರಿಗೂ ಒಗ್ಗುವ ನಾಯಿಯೊಂದನ್ನು ಒದಗಿಸಬಲ್ಲಿರಾ ಎಂಬುದು ಪ್ರಶ್ನೆ.

ಇದೇನು ಮಹಾ ಕೆಲಸ ಎಂದೇ ಕಾನ್ರನ್ ಮೊದಲು ಭಾವಿಸಿದರು. ಪೂಡಲ್ ಇತ್ತಲ್ಲ! ಪೂಡಲ್ ಎಂದರೆ ನಮ್ಮಲ್ಲಿ ಹಲವರಿಗೆ ರಿಬ್ಬನ್ ಕಟ್ಟಿಸಿಕೊಂಡು ಮಡಿಲಲ್ಲಿ ಕೂರುವ ಶೋಕಿಯ ನಾಯಿಯೆಂಬ ಕಲ್ಪನೆಯಿದೆ. ಅದು ಸರಿಯಲ್ಲ. ದೊಡ್ಡ ಗಾತ್ರದ ಸ್ಟ್ಯಾಂಡರ್ಡ್ ಪೂಡಲ್ ಮೂಲತಃ ಬೇಟೆಗಾರ ಹೊಡೆದ ಬಾತುಕೋಳಿಯನ್ನು ನೀರಿಗಿಳಿದು ಕಚ್ಚಿ ತರುವ ದುಡಿಮೆಯ ನಾಯಿ. ಅದರ ಹೆಸರೇ ನೀರಿನಲ್ಲಿ ಚಿಮ್ಮಾಡುವುದನ್ನು ಸೂಚಿಸುವ ಜರ್ಮನ್ ಪದದಿಂದ ಬಂದದ್ದು. ಪ್ರದರ್ಶನಗಳಲ್ಲಿ ಕಾಣುವ ಅದರ ವಿಚಿತ್ರ ಕ್ಷೌರವೂ ಈಜುವಾಗ ಭಾರ ಕಡಿಮೆಯಿರಲಿ, ಕೀಲುಗಳೂ ಎದೆಯೂ ಮಾತ್ರ ಬೆಚ್ಚಗಿರಲಿ ಎಂಬ ಲೆಕ್ಕಾಚಾರದಿಂದ ಹುಟ್ಟಿತೆಂದು ಹೇಳುತ್ತಾರೆ. ಬುದ್ಧಿಯಲ್ಲಿ ಬಹಳ ಚುರುಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಗುಂಗುರು ರೋಮ ಬೆಳೆಯುತ್ತಲೇ ಹೋಗುತ್ತದೆ, ಮನೆತುಂಬ ಉದುರುವುದಿಲ್ಲ.

ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಕಾನ್ರನ್ ಮೂರು ವರ್ಷಗಳ ಅವಧಿಯಲ್ಲಿ 33 ಪೂಡಲ್‌ಗಳನ್ನು ತರಬೇತಿಗೆ ಹಾಕಿ ನೋಡಿದರು. ಒಂದೂ ಮಾರ್ಗದರ್ಶಿ ನಾಯಿಯಾಗಲು ಪಾಸಾಗಲಿಲ್ಲ. ಮಾರ್ಗದರ್ಶಿ ನಾಯಿಗೆ ಬುದ್ಧಿಯೊಂದೇ ಸಾಲದು ಎಂಬುದನ್ನು ನೀವು ಗಮನಿಸಬೇಕು. ಬಸ್ಸು ಹಾರನ್ ಹೊಡೆದರೂ, ಪಕ್ಕದಲ್ಲಿ ಬೆಕ್ಕು ಓಡಿದರೂ, ಅಪರಿಚಿತ ಮಗುವೊಂದು ಬಾಲ ಎಳೆದರೂ ಕದಲದ ಸಮಾಧಾನ ಅದಕ್ಕೆ ಬೇಕು. ಹೇಳಿದ್ದನ್ನು ಬೇಸರವಿಲ್ಲದೆ ದಿನವೂ ಮಾಡುವ ಸ್ವಭಾವ ಬೇಕು. ಈ ಗುಣಗಳಿಗೆ ಹೆಸರಾದದ್ದು ಲ್ಯಾಬ್ರಡಾರ್. ಆದರೆ ಲ್ಯಾಬ್ರಡಾರಿನದು ಎರಡು ಪದರದ ರೋಮ. ಮೇಲೆ ನೀರು ಹಿಡಿಯದ ಒರಟು ಕೂದಲು, ಒಳಗೆ ಹತ್ತಿಯಂಥ ಮೃದು ಪದರ. ಅದು ವರ್ಷವಿಡೀ ಉದುರುತ್ತದೆ. ಲ್ಯಾಬ್ರಡಾರ್ ಸಾಕಿದವರ ಮನೆಯಲ್ಲಿ ಕಪ್ಪು ಪ್ಯಾಂಟು ಹಾಕಿಕೊಂಡು ಸೋಫಾದ ಮೇಲೆ ಕೂತು ಎದ್ದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ.

ಕೊನೆಗೆ 1989ರ ಹೊತ್ತಿಗೆ ಕಾನ್ರನ್ ಲ್ಯಾಬ್ರಡಾರ್ ಹೆಣ್ಣಿಗೆ ತಮ್ಮ ಮೇಲಧಿಕಾರಿಯ ಮನೆಯ ಸ್ಟ್ಯಾಂಡರ್ಡ್ ಪೂಡಲ್ ಗಂಡನ್ನು ಕೂಡಿಸಿದರು. ಆ ಸೂಲಿನಲ್ಲಿ ಮೂರು ಮರಿಗಳು ಹುಟ್ಟಿದವು. ಮುಂದೆ ಅವರು ಮಾಡಿದ ಕೆಲಸವೇ ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ತಿರುಳು. ಮೂರೂ ಮರಿಗಳ ಕೂದಲನ್ನು ಕತ್ತರಿಸಿ, ಜೊಲ್ಲಿನ ಮಾದರಿಯನ್ನೂ ತೆಗೆದು, ಬೇರೆ ಬೇರೆಯಾಗಿ ಹವಾಯಿಗೆ ಕಳಿಸಿದರು. ಅಲ್ಲಿ ಆ ಗಂಡ ಮೂರನ್ನೂ ಪರೀಕ್ಷಿಸಿಕೊಂಡ. ಒಂದು ಮರಿಯ ಮಾದರಿಗೆ ಮಾತ್ರ ಅವನಿಗೆ ಅಲರ್ಜಿಯಾಗಲಿಲ್ಲ. ಆ ಮರಿಯ ಹೆಸರು ಸುಲ್ತಾನ್. ತರಬೇತಿ ಮುಗಿಸಿ ಅದು ಹವಾಯಿಗೆ ಹೋಯಿತು.

ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಮೂರರಲ್ಲಿ ಒಂದು ಆ ಮನುಷ್ಯನಿಗೆ ಒಗ್ಗಿತು, ಎರಡು ಒಗ್ಗಲಿಲ್ಲ. ಮುಂದಿನ ಸೂಲಿನಲ್ಲಿ ಹತ್ತು ಮರಿಗಳು ಹುಟ್ಟಿದಾಗಲೂ ಅಲರ್ಜಿಗೆ ಒಗ್ಗುವಂಥವು ಮೂರೇ ಎಂದು ಕಾನ್ರನ್ ಹೇಳಿದ್ದಾರೆ. ಅಂದರೆ, ಈ ತಳಿ ಅಲರ್ಜಿ ಉಂಟುಮಾಡುವುದಿಲ್ಲ ಎಂದು ಅದನ್ನು ಹುಟ್ಟಿಸಿದವರೇ ಯಾವತ್ತೂ ಕಂಡುಕೊಂಡಿರಲಿಲ್ಲ. ಅವರು ಕಂಡುಕೊಂಡದ್ದು ಒಬ್ಬ ವ್ಯಕ್ತಿಗೆ ಒಗ್ಗುವ ಒಂದು ನಾಯಿಯನ್ನು ಮಾತ್ರ.

ಹಾಗಾದರೆ ಈ ಮಾತು ಊರೂರಿಗೆ ಬೇರೆ ರೂಪದಲ್ಲಿ ತಲುಪಿದ್ದು ಹೇಗೆ? ಮಾರ್ಗದರ್ಶಿ ನಾಯಿಯ ಮರಿಗಳನ್ನು ತರಬೇತಿಗೆ ಮೊದಲು ಸ್ವಯಂಸೇವಕರ ಮನೆಗಳಲ್ಲಿ ಬೆಳೆಸುವ ಪದ್ಧತಿಯಿದೆ. ಸಂಸ್ಥೆಯಲ್ಲಿ ಹಾಗೆ ಮರಿ ಬೆಳೆಸಲು ಕಾದಿದ್ದವರ ಪಟ್ಟಿ ಉದ್ದವಿದ್ದರೂ ಮಿಶ್ರತಳಿ ಎಂದೊಡನೆ ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಶುದ್ಧ ಲ್ಯಾಬ್ರಡಾರೇ ಬೇಕು. ಮರಿಗಳ ವಯಸ್ಸು ದಾಟುತ್ತಿತ್ತು. ಆಗ ಕಾನ್ರನ್ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಹೋಗಿ, ಲ್ಯಾಬ್ರಡೂಡಲ್ ಎಂಬ ಹೊಸ ನಾಯಿಯನ್ನು ನಾವು ಸೃಷ್ಟಿಸಿದ್ದೇವೆ ಎಂದು ಪತ್ರಿಕೆಯವರಿಗೆ ಹೇಳಿಬಿಡಿ ಎಂದರು. ಸುದ್ದಿ ಹೊರಬಿದ್ದದ್ದೇ ತಡ, ದೂರವಾಣಿ ಬಿಡುವಿಲ್ಲದೆ ಮೊಳಗಿತು. ನಾಯಿಗಳು ನಿನ್ನೆ ಇದ್ದಂಥವೇ, ಬದಲಾದದ್ದು ಹೆಸರು. ಪದವೂ ಪೂರ್ತಿ ಹೊಸತೇನಲ್ಲ. ದೋಣಿಯ ವೇಗದ ದಾಖಲೆಗಳಿಗೆ ಹೆಸರಾದ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಬೆಲ್ ತಮ್ಮ ನಾಯಿಯನ್ನು 1955ರಷ್ಟು ಹಿಂದೆಯೇ ಹೀಗೆ ಕರೆದಿದ್ದರು. ಆದರೆ ಆಗ ಅದು ಮನೆಮಾತು, ಈಗ ಮಾರುಕಟ್ಟೆಯ ಮಾತಾಯಿತು.

ಕಾನ್ರನ್ ತಾವಿದ್ದ ಕಾಲದಲ್ಲಿ 31 ಲ್ಯಾಬ್ರಡೂಡಲ್‌ಗಳನ್ನು ಬೆಳೆಸಿದರು, ಅವುಗಳಲ್ಲಿ 29 ಮಾರ್ಗದರ್ಶಿ ನಾಯಿಗಳಾದವು. 33 ಪೂಡಲ್‌ಗಳಲ್ಲಿ ಒಂದೂ ಪಾಸಾಗದಿದ್ದುದನ್ನು ನೆನೆದರೆ ಈ ಫಲಿತಾಂಶ ಅಸಾಮಾನ್ಯವಾದದ್ದು. ಸ್ವಭಾವದ ದೃಷ್ಟಿಯಿಂದ ಆ ಬೆರಕೆ ಗೆದ್ದಿತ್ತು ಎಂಬುದರಲ್ಲಿ ಅನುಮಾನವಿಲ್ಲ. ವಿಪರ್ಯಾಸವೆಂದರೆ, ಗೆದ್ದ ಸ್ವಭಾವದ ಬಗ್ಗೆ ಜಗತ್ತು ಅಷ್ಟಾಗಿ ಮಾತನಾಡಲಿಲ್ಲ. ಅರೆಬರೆ ಗೆದ್ದ ಅಲರ್ಜಿಯ ಗುಣವೇ ಜಾಹೀರಾತಾಯಿತು.

ಈಗ ಅಲರ್ಜಿಯ ವಿಷಯಕ್ಕೆ ಬರೋಣ. ನಾಯಿಯ ಕೂದಲು ತಾನಾಗಿ ಅಲರ್ಜಿ ಉಂಟುಮಾಡುವ ವಸ್ತುವಲ್ಲ. ಅಲರ್ಜಿಗೆ ಕಾರಣವಾಗುವುದು ನಾಯಿಯ ಜೊಲ್ಲು, ಚರ್ಮದ ಹೊಟ್ಟು ಮತ್ತು ಮೂತ್ರದಲ್ಲಿರುವ ಕೆಲವು ಪ್ರೋಟೀನುಗಳು. ಇವುಗಳಲ್ಲಿ ಪ್ರಮುಖವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿಯ ವೈಜ್ಞಾನಿಕ ಹೆಸರಾದ ಕ್ಯಾನಿಸ್ ಫೆಮಿಲಿಯಾರಿಸ್ ಎಂಬುದರ ಮೊದಲ ಅಕ್ಷರಗಳಿಂದ ಮಾಡಿದ ಹೆಸರದು. ಇದು ನಾಲಿಗೆಯ ಅಂಗಾಂಶದಲ್ಲಿ ತಯಾರಾಗಿ ಜೊಲ್ಲಿಗೆ ಸೇರುತ್ತದೆ. ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಕಣ್ಣಿಗೆ ಕಾಣದ ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿ ನಾಯಿಯೇ ಇಲ್ಲದ ಶಾಲೆಯ ಕೋಣೆಗೂ ಹೋಗುತ್ತದೆ. ಕೂದಲು ಇದಕ್ಕೊಂದು ವಾಹನ, ಅಷ್ಟೆ. ಕೂದಲು ಉದುರದ ನಾಯಿಗೂ ನಾಲಿಗೆಯಿದೆ, ಚರ್ಮವಿದೆ.

ಇನ್ನೊಂದು ಪ್ರೋಟೀನಿನ ವಿಷಯ ಕುತೂಹಲಕರ. ಕ್ಯಾನ್ ಎಫ್ 5 ಎಂಬುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಮಾತ್ರ ಉತ್ಪತ್ತಿಯಾಗುತ್ತದೆ. ನಾಯಿಯ ಅಲರ್ಜಿಯಿರುವ ಕೆಲವರು ಇದೊಂದಕ್ಕೆ ಮಾತ್ರ ಪ್ರತಿಕ್ರಿಯಿಸುತ್ತಾರೆ. ಅಂಥವರಿಗೆ ಹೆಣ್ಣು ನಾಯಿ ತೊಂದರೆ ಕೊಡದೆಯೂ ಇರಬಹುದು. ತಳಿ ಯಾವುದು ಎಂದು ತಲೆಕೆಡಿಸಿಕೊಳ್ಳುವ ಮೊದಲು ಗಂಡೋ ಹೆಣ್ಣೋ ಎಂದು ನೋಡುವುದು ಇವರಿಗೆ ಹೆಚ್ಚು ಉಪಯುಕ್ತ. ಯಾವ ಪ್ರೋಟೀನು ಆಗಿಬರುವುದಿಲ್ಲ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು, ಅದು ಅಲರ್ಜಿ ತಜ್ಞರ ಕೆಲಸ, ನನ್ನದಲ್ಲ.

ಅಳೆದು ನೋಡಿದವರಿದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ನಾಯಿಯಿದ್ದ 173 ಮನೆಗಳ ಧೂಳನ್ನು ಪರೀಕ್ಷಿಸಿದರು. ಅಲರ್ಜಿಸ್ನೇಹಿ, ಅಂದರೆ ಅಲರ್ಜಿಯಿರುವವರಿಗೂ ಒಗ್ಗುತ್ತವೆ ಎಂದು ಹೆಸರಾದ ತಳಿಗಳ ಮನೆಗಳಿಗೂ ಉಳಿದ ಮನೆಗಳಿಗೂ ಅಲರ್ಜಿಕಾರಕದ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನ ಇನ್ನೂ ನೇರವಾದದ್ದು, ಏಕೆಂದರೆ ಅದರಲ್ಲಿ ಲ್ಯಾಬ್ರಡೂಡಲ್‌ಗಳೇ ಇದ್ದವು. ಲ್ಯಾಬ್ರಡೂಡಲ್, ಪೂಡಲ್ ಮೊದಲಾದ ಅಲರ್ಜಿಸ್ನೇಹಿ ಎನ್ನಿಸಿಕೊಂಡ 196 ನಾಯಿಗಳ ರೋಮದಲ್ಲಿ ಪ್ರತಿ ಗ್ರಾಮಿಗೆ ಸರಾಸರಿ 2.26 ಮೈಕ್ರೊಗ್ರಾಂ ಕ್ಯಾನ್ ಎಫ್ 1 ಸಿಕ್ಕರೆ, ಉಳಿದ 160 ನಾಯಿಗಳಲ್ಲಿ ಸಿಕ್ಕದ್ದು 0.77 ಮೈಕ್ರೊಗ್ರಾಂ. ಅಂದರೆ ಲೆಕ್ಕ ತಲೆಕೆಳಗಾಗಿತ್ತು! ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಆ ಅಧ್ಯಯನದಲ್ಲಿದೆ. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ಧೂಳಿನಲ್ಲಿ ಅಲರ್ಜಿಕಾರಕ ಕಡಿಮೆಯಿತ್ತು. ಗಾಳಿಯಲ್ಲಿ ಮಾತ್ರ ತಳಿತಳಿಗೆ ವ್ಯತ್ಯಾಸ ಕಾಣಲಿಲ್ಲ. ರೋಮದಲ್ಲಿ ಹೆಚ್ಚು, ನೆಲದಲ್ಲಿ ಕಡಿಮೆ ಎಂಬುದನ್ನು ಒಟ್ಟಿಗಿಟ್ಟು ನೋಡಿದರೆ, ಉದುರದ ರೋಮವು ಹೊಟ್ಟನ್ನೂ ಒಣಗಿದ ಜೊಲ್ಲನ್ನೂ ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಗುಡಿಸುವವರಿಗೆ ಅದು ಲಾಭ. ನಾಯಿಯನ್ನು ತಬ್ಬಿ ಮುಖವಿಡುವ ಮಗುವಿಗೆ ಲಾಭವೆಂದು ಹೇಳಲಾರೆ.

ಇನ್ನು ಈ ಉದುರದ ಗುಣವೂ ಎಲ್ಲ ಮರಿಗಳಿಗೂ ಬರುವುದಿಲ್ಲ. ಇದನ್ನು ವಿವರಿಸಲು ನನಗೆ ಹೊಲದ ಉದಾಹರಣೆಯೇ ಸಲೀಸು. ಹೈಬ್ರಿಡ್ ಜೋಳ ಬಿತ್ತಿದ ರೈತನಿಗೆ ಮೊದಲ ವರ್ಷ ತೆನೆಗಳು ಒಂದೇ ಅಚ್ಚಿನಲ್ಲಿ ಬರುತ್ತವೆ. ಅದೇ ಬೆಳೆಯಿಂದ ಬೀಜ ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದಕ್ಕೆ ತೆನೆಯೇ ಇಲ್ಲ. ನಾಯಿಯಲ್ಲೂ ಹಾಗೆಯೇ. ನಾಯಿಗಳ ರೋಮದ ಬಗೆಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೂರು ಜೀನ್‌ಗಳೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮೀಸೆ, ಗಡ್ಡ, ಹುಬ್ಬಿನ ಕೂದಲು ಬೆಳೆಸುವುದು ಒಂದು, ಉದ್ದವನ್ನು ನಿರ್ಧರಿಸುವುದು ಇನ್ನೊಂದು, ಗುಂಗುರು ಕೊಡುವುದು ಮತ್ತೊಂದು. ಪೂಡಲಿಗೆ ಮೀಸೆ-ಗಡ್ಡದ ಜೀನ್ ಇದೆ, ಲ್ಯಾಬ್ರಡಾರಿಗೆ ಇಲ್ಲ. ಕೂದಲು ಕಡಿಮೆ ಉದುರುವುದಕ್ಕೂ ಈ ಜೀನ್‌ಗೂ ನಂಟಿದೆ. ಅದು ಪ್ರಬಲ ಗುಣ, ಅಂದರೆ ತಾಯಿ ತಂದೆಯರಲ್ಲಿ ಒಂದು ಕಡೆಯಿಂದ ಬಂದರೂ ಕಾಣಿಸಿಕೊಳ್ಳುವಂಥದ್ದು, ಆದ್ದರಿಂದ ಮೊದಲ ತಲೆಮಾರಿನ ಎಲ್ಲ ಮರಿಗಳಿಗೂ ಗಡ್ಡ ಬರುತ್ತದೆ. ಆದರೆ ಅಂಥ ಎರಡು ಮೊದಲ ತಲೆಮಾರಿನ ನಾಯಿಗಳನ್ನು ಕೂಡಿಸಿದರೆ, ಹುಟ್ಟುವ ಮರಿಗಳಲ್ಲಿ ಸುಮಾರು ನಾಲ್ಕಕ್ಕೊಂದು ಗಡ್ಡವಿಲ್ಲದೆ, ಲ್ಯಾಬ್ರಡಾರಿನಂಥದೇ ಮುಖ ಹೊತ್ತು, ಕೂದಲನ್ನೂ ಹಾಗೆಯೇ ಉದುರಿಸುತ್ತದೆ. ಕೊಂಡವರು ಮೋಸಹೋದೆವೆಂದು ಹೇಳುತ್ತಾರೆ. ಮಾರಿದವನಿಗೂ ಲೆಕ್ಕ ಗೊತ್ತಿರುವುದಿಲ್ಲ.

ಈ ಅನಿಶ್ಚಯ ತಪ್ಪಿಸಲು ತಳಿಗಾರರು ಮೊದಲ ತಲೆಮಾರಿನ ನಾಯಿಯನ್ನು ಮತ್ತೆ ಪೂಡಲಿಗೇ ಕೂಡಿಸುತ್ತಾರೆ. ಮಿಶ್ರತಳಿ ಹಸುವಿಗೆ ಮತ್ತೆ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹೋರಿಯ ವೀರ್ಯ ಕೊಡಿಸಿದಂತೆ, ಪ್ರತಿ ಸುತ್ತಿನಲ್ಲೂ ಒಂದು ಕಡೆಯ ಪಾಲು ಏರುತ್ತ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ, ಬೇರೆ ಕೆಲವು ತಳಿಗಳನ್ನೂ ಸೇರಿಸಿಕೊಂಡ ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್ ಎಂಬುದೊಂದು ಪ್ರತ್ಯೇಕ ವಂಶವಿದೆ. 2020ರಲ್ಲಿ ಅದರ ಜೀನೋಮ್ ಪರೀಕ್ಷಿಸಿದಾಗ ಕಂಡದ್ದು, ಅದು ಬಹುಪಾಲು ಪೂಡಲೇ ಎಂಬುದು. ಹೆಸರಿನಲ್ಲಿ ಲ್ಯಾಬ್ರಡಾರ್ ಮೊದಲು ನಿಂತರೂ ಮೈಯಲ್ಲಿ ಪೂಡಲ್ ಮುಂದೆ ಬಂದಿತ್ತು. ಜನ ಕೇಳಿದ್ದು ಉದುರದ ರೋಮವನ್ನು, ತಳಿಗಾರರು ಆರಿಸಿದ್ದೂ ಅದನ್ನೇ. ನಾಯಿಯ ತಳಿಗಳನ್ನು ದಾಖಲಿಸುವ ಪ್ರಮುಖ ಕೆನಲ್ ಕ್ಲಬ್ಬುಗಳು ಇದನ್ನು ಇಂದಿಗೂ ತಳಿಯೆಂದು ಮಾನ್ಯ ಮಾಡಿಲ್ಲ.

ನೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟ್ಯಾಂಡರ್ಡ್ ಗಾತ್ರದ್ದು ಸಾಮಾನ್ಯವಾಗಿ 23ರಿಂದ 30 ಕೆ.ಜಿ. ತೂಗುತ್ತದೆ. ಸಣ್ಣ ಪೂಡಲ್ ಬಳಸಿದ್ದರೆ ಮರಿಯೂ ಸಣ್ಣದು. ಕೆನೆ, ಚಾಕೊಲೇಟ್, ಕಪ್ಪು, ಕೆಂಪು ಬಣ್ಣಗಳಲ್ಲಿ ಬರುತ್ತದೆ. ಜನರೆಂದರೆ ಪ್ರೀತಿ, ನೀರೆಂದರೆ ಆಸೆ, ಕಲಿಯುವುದರಲ್ಲಿ ಚುರುಕು. ಎರಡೂ ಕಡೆಯಿಂದ ಬೇಟೆಗಾರನ ಜೊತೆ ದಿನವಿಡೀ ಓಡಾಡಿದ ರಕ್ತವಿರುವುದರಿಂದ ಸುಸ್ತಾಗುವುದು ಗೊತ್ತಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಹತ್ತು ನಿಮಿಷ ಕೆಳಗಿಳಿಸಿ ತಂದರೆ ಅದು ತನ್ನ ಬುದ್ಧಿಯನ್ನು ಸೋಫಾದ ಮೇಲೆ ಪ್ರಯೋಗಿಸುತ್ತದೆ.

ರೋಮದ ಆರೈಕೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಎರಡು ವರ್ಷಗಳ ಹಿಂದೆ ಕುಟುಂಬವೊಂದು ಕೆನೆಬಣ್ಣದ ಲ್ಯಾಬ್ರಡೂಡಲ್ ಒಂದನ್ನು ತುರಿಕೆಯೆಂದು ನನ್ನಲ್ಲಿಗೆ ಕರೆತಂದಿತ್ತು. ಕಣ್ಣಿಗೆ ನಾಯಿ ಮುದ್ದಾಗಿಯೇ ಕಾಣುತ್ತಿತ್ತು, ಮೇಲ್ಮೈ ನುಣುಪಾಗಿತ್ತು. ಕಿವಿಯ ಹಿಂದೆ ಬೆರಳು ತೂರಿಸಿದೆ, ತೂರಲಿಲ್ಲ. ಚರ್ಮಕ್ಕೆ ಅಂಟಿದ ಮಟ್ಟದಲ್ಲಿ ರೋಮವೆಲ್ಲ ಹೆಣೆದುಕೊಂಡು ಜಡೆಗಟ್ಟಿ ಕುರಿಯ ಕಂಬಳಿಯಂತಾಗಿತ್ತು. ಮನೆಯವರು ದಿನವೂ ಬ್ರಷ್ ಮಾಡುತ್ತಿದ್ದರು, ಆದರೆ ಮೇಲ್ಮೈಯಲ್ಲಿ ಮಾತ್ರ. ಕೂದಲು ಉದುರುವುದಿಲ್ಲ, ಆದ್ದರಿಂದ ಬಾಚುವ ರಗಳೆಯೂ ಇಲ್ಲ ಎಂದು ಮರಿ ಮಾರಿದವರು ಅವರಿಗೆ ಹೇಳಿದ್ದರಂತೆ. ನಿಜ ಅದರ ವಿರುದ್ಧ. ಉದುರಬೇಕಾದ ಕೂದಲು ನೆಲಕ್ಕೆ ಬೀಳದೆ ಪಕ್ಕದ ಕೂದಲಿಗೆ ಸಿಕ್ಕಿಕೊಳ್ಳುವುದರಿಂದಲೇ ಸಿಕ್ಕು ಆಗುವುದು. ಮಂಪರು ಕೊಟ್ಟು ಮೆಷಿನ್ನಿನಿಂದ ಬೋಳಿಸಿದಾಗ ಬೆನ್ನಿನಿಂದ ಹೊಟ್ಟೆಯವರೆಗಿನ ರೋಮ ಒಂದೇ ತುಂಡಾಗಿ ಕಳಚಿಬಂತು. ಕೆಳಗೆ ಚರ್ಮ ಕೆಂಪಾಗಿ ಒದ್ದೆಯಾಗಿತ್ತು, ಕಂಕುಳಲ್ಲಿ ಉಣ್ಣಿಗಳು ಸಾಲಾಗಿ ಕೂತಿದ್ದವು. ಬೆಂಗಳೂರಿನ ಮಳೆಗಾಲದಲ್ಲಿ ಒದ್ದೆಯಾದ ಇಂಥ ರೋಮ ಸಂಜೆಯಾದರೂ ಬುಡದಲ್ಲಿ ಒಣಗುವುದಿಲ್ಲ. ಹಲ್ಲು ಉದ್ದವಿರುವ ಲೋಹದ ಬಾಚಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆಯಬೇಕು, ವಾರದಲ್ಲಿ ಎರಡು ಮೂರು ಸಲವಾದರೂ. ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಅದರ ಖರ್ಚು ಹದಿಮೂರು ಹದಿನಾಲ್ಕು ವರ್ಷದ್ದು ಎಂಬುದನ್ನು ಮರಿಯ ಬೆಲೆಯ ಜೊತೆಗೇ ಕೂಡಿಸಿಕೊಳ್ಳಿ.

ಆರೋಗ್ಯದ ವಿಷಯದಲ್ಲೂ ಬೆರಕೆಯೆಂದರೆ ಗಟ್ಟಿ ಎಂಬ ನಂಬಿಕೆಯಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ 9,402 ನಾಯಿಗಳ ಮಾಹಿತಿ ಕಲೆಹಾಕಿ, ಲ್ಯಾಬ್ರಡೂಡಲ್ ಸೇರಿದಂತೆ ಮೂರು ಪೂಡಲ್ ಬೆರಕೆಗಳನ್ನು ಅವುಗಳ ತಾಯಿತಂದೆ ತಳಿಗಳೊಂದಿಗೆ ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಹೋಲಿಸಿತು. ಶೇಕಡಾ 86.6ರಷ್ಟು ಹೋಲಿಕೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದೋಷ ಒಂದು ಕಡೆ ಮಾತ್ರ ಇದ್ದರೆ ಬೆರಕೆ ಅದನ್ನು ಮುಚ್ಚುತ್ತದೆ, ಎರಡೂ ಕಡೆ ಅದೇ ದೋಷವಿದ್ದರೆ ಮುಚ್ಚುವುದೆಲ್ಲಿಂದ? ಸೊಂಟದ ಕೀಲಿನ ದೋಷ ಲ್ಯಾಬ್ರಡಾರಿಗೂ ಇದೆ, ಸ್ಟ್ಯಾಂಡರ್ಡ್ ಪೂಡಲಿಗೂ ಇದೆ. ಅಕ್ಷಿಪಟ ನಿಧಾನವಾಗಿ ಸವೆದು ಕುರುಡಾಗಿಸುವ ಒಂದೇ ಆನುವಂಶಿಕ ಕಾಯಿಲೆ ಎರಡೂ ತಳಿಗಳಲ್ಲಿ ಹರಿದುಬಂದಿದೆ. ಅಂಧರಿಗೆ ಕಣ್ಣಾಗಲೆಂದು ಹುಟ್ಟಿಸಿದ ನಾಯಿಯ ವಿಷಯದಲ್ಲಿ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಮರಿ ಕೊಳ್ಳುವವರು ತಾಯಿತಂದೆಗಳ ಸೊಂಟದ ಎಕ್ಸ್-ರೇ ಮತ್ತು ಕಣ್ಣಿನ ಜೀನ್ ಪರೀಕ್ಷೆಯ ವರದಿ ಕೇಳಬೇಕು.

ಕಾನ್ರನ್ ಅವರಿಗೂ ಸಂಕಟವಾಗಿತ್ತು. 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯೊಂದಿಗೆ ಮಾತನಾಡುತ್ತ ಅವರು ಈ ನಾಯಿಯನ್ನು ಹುಟ್ಟಿಸಿದ್ದೇ ತಮ್ಮ ಬದುಕಿನ ಪಶ್ಚಾತ್ತಾಪ ಎಂದರು. ತಾವು ಬಿಟ್ಟದ್ದು, ಕಾದಂಬರಿಯಲ್ಲಿ ಹುಟ್ಟಿಸಿದವನ ಮೇಲೆಯೇ ತಿರುಗಿಬಿದ್ದ ಫ್ರಾಂಕೆನ್‌ಸ್ಟೈನನ ಭೂತವನ್ನು ಎಂದು ಹೋಲಿಸಿದರು. ನಮ್ಮವರಾಗಿದ್ದರೆ ಭಸ್ಮಾಸುರನನ್ನು ನೆನೆಯುತ್ತಿದ್ದರೇನೋ. ಅವರ ಕೋಪವಿದ್ದದ್ದು ನಾಯಿಯ ಮೇಲಲ್ಲ, ಹಿಂದುಮುಂದು ನೋಡದೆ ಸಿಕ್ಕಿದ್ದಕ್ಕೆಲ್ಲ ಪೂಡಲ್ ಕೂಡಿಸಿ ಹಣ ಮಾಡಿದವರ ಮೇಲೆ. ಅಷ್ಟರಲ್ಲಿ ನಾಯಿಯ ಕೀರ್ತಿ ಶ್ವೇತಭವನದ ಬಾಗಿಲವರೆಗೂ ಹೋಗಿ ಬಂದಿತ್ತು. 2009ರ ಆರಂಭದಲ್ಲಿ ಬರಾಕ್ ಒಬಾಮ, ಹಿರಿಯ ಮಗಳ ಅಲರ್ಜಿಯ ಕಾರಣಕ್ಕೆ ಆಯ್ಕೆಯನ್ನು ಲ್ಯಾಬ್ರಡೂಡಲ್ ಮತ್ತು ಪೋರ್ಚುಗೀಸ್ ವಾಟರ್ ಡಾಗ್ ಇವೆರಡಕ್ಕೆ ಇಳಿಸಿರುವುದಾಗಿ ಹೇಳಿದ್ದರು. ಕೊನೆಗೆ ಒಳಗೆ ಬಂದದ್ದು ಎರಡನೆಯದು. ಕಾನ್ರನ್ ಅವರ ಪಶ್ಚಾತ್ತಾಪವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಅವರ ಕೆಲಸದಲ್ಲಿ ದೋಷವಿರಲಿಲ್ಲ. ಅವರು ಕೊಟ್ಟ ಹೆಸರನ್ನು ಲೋಕ ಎತ್ತಿಕೊಂಡು, ಅವರು ಮಾಡಿದ ಪರೀಕ್ಷೆಯನ್ನು ಅಲ್ಲೇ ಬಿಟ್ಟಿತು.

ಉಪನ್ಯಾಸದ ಕೊನೆಯಲ್ಲಿ ಹಿರಿಯರೊಬ್ಬರು ಎದ್ದು, “ಹಾಗಾದರೆ ನಮ್ಮ ಮುಧೋಳ ನಾಯಿಯೇ ವಾಸಿಯಲ್ಲವೇ, ಮೈಮೇಲೆ ಕೂದಲೇ ಇಲ್ಲದಷ್ಟು ಕಡಿಮೆ” ಎಂದು ಕೇಳಿದರು. ಅದಕ್ಕೂ ನಾಲಿಗೆ ಇದೆ ಸ್ವಾಮಿ ಎಂದೆ, ಸಭೆ ನಕ್ಕಿತು. ಅಲರ್ಜಿಯ ಮಟ್ಟಿಗೆ ಬಾಗಲಕೋಟೆಯ ನಾಯಿಗೂ ಆಸ್ಟ್ರೇಲಿಯಾದ ನಾಯಿಗೂ ನಾನು ಹೇಳುವುದು ಒಂದೇ. ಮರಿಗೆ ಮುಂಗಡ ಕೊಡುವ ಮೊದಲು ಒಂದು ಹಳೆಯ ಟವೆಲನ್ನು ಆ ಮರಿಯ ಹಾಸಿಗೆಯಲ್ಲಿ ಎರಡು ರಾತ್ರಿ ಹಾಕಿಸಿ, ಅದರಿಂದಲೇ ಮರಿಯ ಬಾಯಿ ಒರೆಸಿ, ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಅಲರ್ಜಿಯಿರುವವರು ಮಲಗುವ ಕೋಣೆಯಲ್ಲಿ ಅದನ್ನು ಇಟ್ಟು ನೋಡಿ. ಆಸ್ತಮಾ ಇದ್ದವರಾದರೆ ವೈದ್ಯರನ್ನು ಕೇಳದೆ ಇದನ್ನೂ ಮಾಡಬೇಡಿ. ಆಮೇಲೆ ಆ ಮರಿಯ ಜೊತೆಗೇ, ಅದರ ಅಣ್ಣತಮ್ಮಂದಿರ ಜೊತೆಗಲ್ಲ, ಕೆಲವು ದಿನ ಗಂಟೆಗಟ್ಟಲೆ ಕೂತು ಬನ್ನಿ. ನಾಯಿ ಮನೆಗೆ ಬಂದ ಮೇಲೆ ಮಲಗುವ ಕೋಣೆಗೆ ಬಿಡಬೇಡಿ, ವಾರಕ್ಕೆ ಎರಡು ಸಲ ಸ್ನಾನ ಮಾಡಿಸಿ. ಒಂದು ಸ್ನಾನದ ಗುಣ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ ಎಂಬುದನ್ನು ಅಳೆದು ನೋಡಿಯೇ ಹೇಳಿದ್ದಾರೆ. ಟವೆಲ್ ತಂದ ರಾತ್ರಿ ಮಗು ಸೀನಿದರೆ ಬೇಸರವಾಗುತ್ತದೆ, ನಿಜ. ಮೂರು ತಿಂಗಳು ಮನೆಯಲ್ಲಿ ಬೆಳೆದು ಮಗುವಿನ ಮಗ್ಗುಲಲ್ಲಿ ಮಲಗುವುದನ್ನು ಕಲಿತ ನಾಯಿಯನ್ನು ವಾಪಸು ಕೊಡಲು ಬರುವವರನ್ನು ನಾನು ನೋಡಿದ್ದೇನೆ. ಅವರು ಕಾರಿನಿಂದ ಇಳಿಯದೆ, ಬೆಲ್ಟನ್ನು ಕಿಟಕಿಯಿಂದಲೇ ನನ್ನ ಕೈಗೆ ಕೊಟ್ಟಿದ್ದರು.